ಕೆಜಿಎಫ್‌ನ ಪಾಳು ಗಣಿ: ಬೇಲಿಯ ಹೊರಗೆ ನಿಂತು ಓದುವುದು ಹೇಗೆ?

ಕೆಜಿಎಫ್‌ಗೆ ಹೋಗಿ ಬಂದವರ ಫೋನಿನಲ್ಲಿ ಸಾಮಾನ್ಯವಾಗಿ ಎರಡು ಚಿತ್ರ ಇದ್ದೇ ಇರುತ್ತವೆ. ಒಂದು ಬೂದು ಬಣ್ಣದ ಸೈನೈಡ್ ದಿಬ್ಬ. ಇನ್ನೊಂದು ತುಕ್ಕು ಹಿಡಿದು ನಿಂತ ಎತ್ತರದ ಕಬ್ಬಿಣದ ಗೋಪುರ. ಇದೇನು ಅಂತ ಕೇಳಿ ನೋಡಿ. "ಹಳೇ ಗಣಿದು" ಅನ್ನುವುದಕ್ಕಿಂತ ಜಾಸ್ತಿ ಉತ್ತರ ಬರುವುದು ಅಪರೂಪ.

ಇನ್ನು ಕೆಲವರು ಬೇಲಿ ಹಾರಿ, ಬಿದ್ದ ಗೋಡೆಯ ಸಂದಿನಲ್ಲಿ ತೂರಿ ಒಳಗೆ ಹೋಗುತ್ತಾರೆ. ಸಿನಿಮಾ ನೋಡಿ ಬಂದವರು, ರೀಲ್ಸ್ ಮಾಡುವವರು, ಹಾಗೇ ಸುಮ್ನೆ ಕುತೂಹಲಕ್ಕೆ ಬಂದವರು. ಒಳಗೆ ಅವರಿಗೆ ಸಿಗುವುದು ಕತ್ತಲೆ, ಬಾವಲಿ, ಯಂತ್ರ ಕಿತ್ತುಹೋದ ಮೇಲೆ ಉಳಿದ ಕಾಂಕ್ರೀಟ್ ಬುನಾದಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಾಳು ಗಣಿಯಲ್ಲಿ ನೋಡಬೇಕಾದ್ದರಲ್ಲಿ ಬಹುಪಾಲು ಹೊರಗಿನಿಂದಲೇ ಕಾಣುತ್ತದೆ. ಜೀವ ತೆಗೆಯುವಂಥದ್ದರಲ್ಲಿ ಬಹುಪಾಲು ಒಳಗೆ ಹೋದರೂ ಕಾಣುವುದಿಲ್ಲ. ಎರಡೂ ಯಾಕೆ ಹಾಗೆ ಅನ್ನುವುದೇ ಈ ಲೇಖನ.

ಹಿನ್ನೆಲೆ ಚಿಕ್ಕದಾಗಿ. ಕೋಲಾರ ಸೀಮೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಜಾನ್ ವಾರನ್ ಎಂಬ ಬ್ರಿಟಿಷ್ ಅಧಿಕಾರಿ 1802ರಲ್ಲೇ ದಾಖಲಿಸಿದ್ದ. 1870ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದ. ಅವನ ಕೈಯಲ್ಲಿ ದೊಡ್ಡದೇನೂ ಆಗಲಿಲ್ಲ. 1880ರ ನಂತರ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿಗಾರಿಕೆ ನಿಜವಾಗಿ ಶುರುವಾಯಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ದೊಡ್ಡ ಗಣಿಗಳು ಒಂದರ ಪಕ್ಕ ಒಂದು ಬೆಳೆದವು. 1956ರಲ್ಲಿ ಮೈಸೂರು ಸರ್ಕಾರ ಅವನ್ನು ವಹಿಸಿಕೊಂಡಿತು. ಆಮೇಲೆ ಕೇಂದ್ರದ ಕೈಗೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, ಅಂದರೆ ಬಿಜಿಎಂಎಲ್ ಆಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಅಷ್ಟರಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್.

ಈಗ ಆ ಕಬ್ಬಿಣದ ಗೋಪುರಕ್ಕೆ ಬರೋಣ.

ಗೋಪುರ ಹೇಳುವ ಕಥೆ

ಅದರ ಹೆಸರು ಹೆಡ್‌ಗಿಯರ್. ಅದರ ನೇರ ಕೆಳಗೆ ಶಾಫ್ಟ್, ಅಂದರೆ ಭೂಮಿಗೆ ಲಂಬವಾಗಿ ಕೊರೆದ ಬಾವಿ. ಗೋಪುರದ ತುದಿಯಲ್ಲಿ ದೊಡ್ಡ ಚಕ್ರಗಳು. ಆ ಚಕ್ರದ ಮೇಲೆ ಉಕ್ಕಿನ ಹಗ್ಗ ಹಾದು, ಒಂದು ಕಡೆ ಶಾಫ್ಟಿನೊಳಗೆ ಇಳಿಯುತ್ತದೆ. ಹಗ್ಗದ ಇನ್ನೊಂದು ಕಡೆ ಓರೆಯಾಗಿ ನೆಲದತ್ತ ಬಂದು, ದೂರದ ಒಂದು ಕಟ್ಟಡದೊಳಗೆ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಡ್ರಮ್ ತಿರುಗಿದರೆ ಹಗ್ಗಕ್ಕೆ ತೂಗುಬಿಟ್ಟ ಕೇಜ್, ಅಂದರೆ ಗಣಿಯ ಲಿಫ್ಟು, ಮೇಲೆ ಬರುತ್ತದೆ ಅಥವಾ ಕೆಳಗೆ ಹೋಗುತ್ತದೆ. ಆ ಯಂತ್ರಕ್ಕೆ ವೈಂಡರ್ ಅಂತಾರೆ.

ಗೋಪುರದ ಕಾಲುಗಳನ್ನು ನೋಡಿ. ಎರಡು ನೆಟ್ಟಗೆ ನಿಂತಿರುತ್ತವೆ. ಇನ್ನೆರಡು ಒಂದು ದಿಕ್ಕಿಗೆ ಚಾಚಿಕೊಂಡಿರುತ್ತವೆ. ಈ ಓರೆ ಅಂದಕ್ಕಾಗಿ ಮಾಡಿದ್ದಲ್ಲ. ಹಗ್ಗ ಚಕ್ರವನ್ನು ಒಂದು ಕಡೆಯಿಂದ ನೇರ ಕೆಳಕ್ಕೆ ಎಳೆಯುತ್ತದೆ, ಇನ್ನೊಂದು ಕಡೆಯಿಂದ ವೈಂಡರ್‌ನತ್ತ ಎಳೆಯುತ್ತದೆ. ಎರಡೂ ಸೇರಿದರೆ ಗೋಪುರವನ್ನು ವೈಂಡರ್ ಕಡೆಗೆ ಬೀಳಿಸುವ ಬಲ ಹುಟ್ಟುತ್ತದೆ. ಅದಕ್ಕೆ ಆಸರೆಯಾಗಿ ಅದೇ ದಿಕ್ಕಿಗೆ ಓರೆ ಕಾಲು ಕೊಟ್ಟಿರುತ್ತಾರೆ. ಹಾಗಾಗಿ ಓರೆ ಕಾಲು ಎತ್ತ ಚಾಚಿದೆಯೋ ಅತ್ತ ಕಣ್ಣು ಹಾಯಿಸಿ. ಎತ್ತರದ ಕಿಟಕಿಗಳಿದ್ದು, ಗೋಡೆಯ ಮೇಲ್ಭಾಗದಲ್ಲಿ ಹಗ್ಗಕ್ಕೆ ಕಿಂಡಿ ಬಿಟ್ಟ ಗಟ್ಟಿ ಕಟ್ಟಡ ಕಂಡರೆ ಅದೇ ವೈಂಡರ್ ಮನೆ. ಛಾವಣಿ ಹೋಗಿದ್ದರೂ, ಯಂತ್ರ ಗುಜರಿಗೆ ಹೋಗಿದ್ದರೂ ಗುರುತು ಸಿಗುತ್ತದೆ.

ಮೇಲೆ ಚಕ್ರ ಎಷ್ಟಿವೆ ಅಂತಲೂ ಎಣಿಸಿ. ಎರಡಿದ್ದರೆ ಒಂದು ಕೇಜ್ ಏರುವಾಗ ಇನ್ನೊಂದು ಇಳಿಯುತ್ತಿತ್ತು ಅಂತ ಅರ್ಥ. ಒಂದರ ತೂಕ ಇನ್ನೊಂದನ್ನು ಎತ್ತಲು ನೆರವಾಗುತ್ತದೆ, ಕರೆಂಟು ಉಳಿಯುತ್ತದೆ. ವೈಂಡರ್ ನಡೆಸುವವನಿಗೆ ಕೇಜ್ ಕಾಣುತ್ತಲೇ ಇರಲಿಲ್ಲ. ಕೇಜ್ ಎಷ್ಟು ಆಳದಲ್ಲಿದೆ ಅಂತ ತೋರಿಸುವ ಮುಳ್ಳು ಮತ್ತು ಗಣಿಯೊಳಗಿಂದ ಬರುವ ಬೆಲ್ಲಿನ ಸದ್ದು, ಇವೆರಡನ್ನೇ ನಂಬಿ ಜನರನ್ನು ಇಳಿಸಬೇಕು, ಹತ್ತಿಸಬೇಕು.

ಗಿಫರ್ಡ್, ಹೆನ್ರಿ, ಎಡ್ಗರ್, ಹೀತ್‌ಕೋಟ್. ಬಹಳಷ್ಟು ಶಾಫ್ಟುಗಳಿಗೆ ಬ್ರಿಟಿಷ್ ದೊರೆಗಳ ಹೆಸರೇ. ಅಗೆದವರ ಹೆಸರು ಕಾಣುವುದು ಕಷ್ಟ.

ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಹೋಗಿತ್ತು. ಅಷ್ಟು ಆಳಕ್ಕೆ ಒಂದೇ ಹಗ್ಗದಲ್ಲಿ ಇಳಿಯುವುದಿಲ್ಲ. ಹಗ್ಗ ಉದ್ದವಾದಷ್ಟೂ ಅದರ ಸ್ವಂತ ತೂಕವೇ ಅದಕ್ಕೆ ಭಾರ. ಅದಕ್ಕೆ ಒಂದು ಶಾಫ್ಟಿನಲ್ಲಿ ಇಳಿದು, ಸುರಂಗದಲ್ಲಿ ನಡೆದು, ನೆಲದೊಳಗೇ ಇರುವ ಇನ್ನೊಂದು ಶಾಫ್ಟ್ ಹಿಡಿದು ಮುಂದೆ ಹೋಗಬೇಕಿತ್ತು. ಹೊರಗೆ ಕಾಣುವ ಹೆಡ್‌ಗಿಯರ್ ಈ ಪ್ರಯಾಣದ ಮೊದಲ ಹಂತ ಮಾತ್ರ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿಂದ ತಂಪು ಗಾಳಿ ದೂಡದಿದ್ದರೆ ಅಲ್ಲಿ ಕೆಲಸ ಮಾಡಲು ಆಗುತ್ತಲೇ ಇರಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಷ್ಟು ಆಳ ಚಿನ್ನಕ್ಕೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಆಕಾಶದಿಂದ ಬರುವ ಬೇರೆ ಕಣಗಳಲ್ಲಿ ಬಹುಪಾಲನ್ನು ಮೇಲಿನ ಬಂಡೆಯೇ ತಡೆಯುತ್ತದೆ. ಹಾಗಾಗಿ ಬಂಡೆಯನ್ನೂ ದಾಟಿ ಬರುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವನ್ನು ಹುಡುಕಲು ಇದು ಒಳ್ಳೆ ಜಾಗವಾಗಿತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಪತ್ತೆ ಮಾಡಿದ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ಇಲ್ಲೇ, ಸುಮಾರು 2.3 ಕಿ.ಮೀ. ಆಳದಲ್ಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಜೊತೆಗೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಇದ್ದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಇಂಥದ್ದೇ ಪ್ರಯೋಗ ನಡೆದಿತ್ತು.

ಮಿಲ್ ಯಾಕೆ ಇಳಿಜಾರಿನಲ್ಲಿದೆ?

ಮೇಲೆ ಬಂದ ಕಲ್ಲು ಹೋಗುತ್ತಿದ್ದುದು ಮಿಲ್ಲಿಗೆ. ಹಳೆ ಕಾಲದ ಚಿನ್ನದ ಮಿಲ್ಲುಗಳನ್ನು ಸಾಧ್ಯವಾದಷ್ಟೂ ಇಳಿಜಾರಿನಲ್ಲಿ ಕಟ್ಟುತ್ತಿದ್ದರು. ಕಲ್ಲನ್ನು ಒಡೆದು, ನೀರು ಸೇರಿಸಿ ನುಣ್ಣಗೆ ಅರೆದರೆ ದೋಸೆ ಹಿಟ್ಟಿನಂತೆ ಹರಿಯುವ ರಾಡಿ ಸಿಗುತ್ತದೆ. ಇಳಿಜಾರಿದ್ದರೆ ಅದು ತಾನಾಗೇ ಮುಂದಿನ ಹಂತಕ್ಕೆ ಇಳಿಯುತ್ತದೆ, ಪಂಪಿನ ಖರ್ಚು ಕಡಿಮೆ. ಯಂತ್ರ ಒಂದೂ ಉಳಿಯದಿದ್ದರೂ ಮೆಟ್ಟಿಲಿನಂತೆ ಇಳಿದು ಹೋಗುವ ಕಾಂಕ್ರೀಟ್ ಕಟ್ಟೆಗಳು ಉಳಿದಿರುತ್ತವೆ. ಅವನ್ನು ಮೇಲಿಂದ ಕೆಳಕ್ಕೆ ನೋಡುತ್ತಾ ಬನ್ನಿ, ಚಿನ್ನ ನಡೆದ ದಾರಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೇಲೆ ಕಲ್ಲು ಒಡೆಯುವ ಯಂತ್ರ. ಅದರ ಕೆಳಗೆ ಸ್ಟ್ಯಾಂಪ್ ಮಿಲ್, ಅಂದರೆ ಸಾಲಾಗಿ ನಿಂತ ಭಾರಿ ಕಬ್ಬಿಣದ ಒನಕೆಗಳು ಎದ್ದೆದ್ದು ಕಲ್ಲಿನ ಮೇಲೆ ಬೀಳುವ ವ್ಯವಸ್ಥೆ. ಹಗಲು ರಾತ್ರಿ ಅದು ನಿಲ್ಲುತ್ತಿರಲಿಲ್ಲ. ಒನಕೆಯ ಕೆಳಗಿಂದ ಬಂದ ರಾಡಿ, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಯುತ್ತಿತ್ತು. ಚಿನ್ನದ ಕಣ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಇದರಿಂದ ತಪ್ಪಿಸಿಕೊಂಡ ಸಣ್ಣ ಕಣಗಳಿಗೆ ಸೈನೈಡ್ ತೊಟ್ಟಿ. ಈ ವಿಧಾನಕ್ಕೆ ಸ್ಕಾಟ್ಲೆಂಡಿನವರು 1887ರಲ್ಲಿ ಪೇಟೆಂಟ್ ಪಡೆದಿದ್ದರು. ತುಂಬಾ ತೆಳುವಾದ ಸೈನೈಡ್ ದ್ರಾವಣ, ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನವನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಸತು ಹಾಕಿದರೆ ಚಿನ್ನ ಬೇರೆಯಾಗಿ ಕೆಳಗೆ ಕೂರುತ್ತದೆ. ಕೊನೆಯ ಮೆಟ್ಟಿಲಿನ ಹತ್ತಿರ ದುಂಡನೆಯ ದೊಡ್ಡ ತೊಟ್ಟಿಗಳ ಗುರುತು ಕಂಡರೆ ಇದೇ ಹಂತ.

ಚಿನ್ನ ತೆಗೆದ ಮೇಲೆ ಉಳಿದ ರಾಡಿ ಹೋಗಿ ಬಿದ್ದದ್ದೇ ಆ ಬೂದು ದಿಬ್ಬಗಳು. ಅವು ಯಾಕೆ ಅಷ್ಟು ದೊಡ್ಡವು ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಒಂದು ಟನ್ ಅಂದರೆ 10 ಲಕ್ಷ ಗ್ರಾಂ. ಗಣಿಯ ಕೊನೆಗಾಲದಲ್ಲಿ ಒಂದು ಟನ್ ಕಲ್ಲಿಗೆ ಬೆರಳೆಣಿಕೆಯಷ್ಟು ಗ್ರಾಂ ಚಿನ್ನ ಸಿಗುತ್ತಿತ್ತು. ಉಳಿದದ್ದೆಲ್ಲ ದಿಬ್ಬಕ್ಕೆ. ಹಾಗೆ ಸೇರಿದ್ದು 13 ದಿಬ್ಬ, 3 ಕೋಟಿ ಟನ್ನಿಗೂ ಜಾಸ್ತಿ ಪುಡಿ.

ಇನ್ನೊಂದು ಜೋಡಿ ಗಮನಿಸಬೇಕು: ಕರೆಂಟು ಮತ್ತು ನೀರು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಸುಮಾರು 147 ಕಿ.ಮೀ. ದೂರದ ತಂತಿಯಲ್ಲಿ ಮೊದಲು ಬಂದದ್ದು ಈ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಕುಡಿಯುವ ನೀರು ಬೇತಮಂಗಲದ ಕೆರೆಯಿಂದ. ಗಣಿ ಅಂದರೆ ಭೂಮಿಯ ತೂತು ಅಷ್ಟೇ ಅಂತ ತಿಳಿದರೆ ಈ ಊರು ಅರ್ಥವಾಗುವುದಿಲ್ಲ. ರೈಲು, ಕರೆಂಟು, ನೀರು, ಆಸ್ಪತ್ರೆ, ಕ್ಲಬ್ಬು, ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆ, ಎಲ್ಲವನ್ನೂ ಅದರ ಸುತ್ತ ಕಟ್ಟಿದ್ದರು.

ಒಳಗೆ ಹೋದರೆ ಏನಾಗುತ್ತದೆ?

ಮೊದಲ ಅಪಾಯ ಗಾಳಿ. ಗಣಿ ನಡೆಯುವಾಗ ದೊಡ್ಡ ಫ್ಯಾನುಗಳು ಗಾಳಿ ದೂಡುತ್ತಿದ್ದವು. ಈಗ ಅವಿಲ್ಲ. ಒಳಗೆ ಆಸರೆಗೆ ನಿಲ್ಲಿಸಿದ್ದ ಮರ ಕೊಳೆಯುತ್ತಿರುತ್ತದೆ. ಬಂಡೆಯಲ್ಲಿರುವ ಗಂಧಕದ ಖನಿಜಗಳು ನಿಧಾನವಾಗಿ ತುಕ್ಕು ಹಿಡಿಯುತ್ತಿರುತ್ತವೆ. ಎರಡಕ್ಕೂ ಆಮ್ಲಜನಕ ಬೇಕು. ಗಾಳಿ ಆಡದ ಜಾಗದಲ್ಲಿ ಅದು ಖಾಲಿಯಾಗುತ್ತಾ ಹೋಗುತ್ತದೆ. ಅದರ ಜಾಗಕ್ಕೆ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಕೂರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21. ಅದು ಶೇ 16ಕ್ಕಿಂತ ಕೆಳಗೆ ಹೋದರೆ ತಲೆ ಮಂಕಾಗುತ್ತದೆ, ವಿವೇಚನೆ ತಪ್ಪುತ್ತದೆ. ಶೇ 10ರ ಕೆಳಗೆ ಎಚ್ಚರ ತಪ್ಪುತ್ತದೆ. ಶೇ 6ಕ್ಕೆ ಇಳಿದರೆ ಕೆಲವೇ ನಿಮಿಷ. ಎದುರಿಗೆ ಏನೋ ಸರಿ ಇಲ್ಲ ಅಂತ ತಿಳಿಯಬೇಕಾದ ಮಿದುಳೇ ಮೊದಲು ಕೈಕೊಡುತ್ತದೆ. "ಉಸಿರು ಕಟ್ಟಿದ ಹಾಗಾದರೆ ವಾಪಸ್ ಬರ್ತೀವಿ" ಅನ್ನುವ ಧೈರ್ಯಕ್ಕೆ ಇಲ್ಲಿ ಅರ್ಥವೇ ಇಲ್ಲ. ಬಟ್ಟೆಯ ಮಾಸ್ಕ್ ಆಗಲಿ, ಔಷಧಿ ಅಂಗಡಿಯ ಮಾಸ್ಕ್ ಆಗಲಿ ಧೂಳು ತಡೆಯಬಹುದು, ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ. ಬಿದ್ದವರನ್ನು ಎತ್ತಲು ಹೋದವರೂ ಅಲ್ಲೇ ಬೀಳುವುದು ಇಂಥ ಅವಘಡಗಳಲ್ಲಿ ಮತ್ತೆ ಮತ್ತೆ ಆಗುತ್ತದೆ. ಕೆಜಿಎಫ್‌ನ ಮುಚ್ಚಿದ ಗಣಿಗೆ ಕದಿಯಲು ಇಳಿದು ಉಸಿರುಗಟ್ಟಿ ಸತ್ತವರಿದ್ದಾರೆ.

ಮತ್ತೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪಾಳು ಗಣಿ ಉಸಿರಾಡುತ್ತದೆ. ಹೊರಗೆ ವಾತಾವರಣದ ಒತ್ತಡ ಏರಿದಾಗ ಗಾಳಿ ಒಳಗೆ ಹೋಗುತ್ತದೆ. ಒತ್ತಡ ಇಳಿದಾಗ ಒಳಗಿನ ಕೆಟ್ಟ ಗಾಳಿ ಹೊರಗೆ ಬರುತ್ತದೆ. ಮಳೆ ಮೋಡ ಕವಿಯುವ ಹೊತ್ತು ಸಾಮಾನ್ಯವಾಗಿ ಒತ್ತಡ ಕಡಿಮೆ ಇರುತ್ತದೆ. ಹಾಗಾಗಿ ಸುರಂಗದ ಬಾಯಿ ನಿನ್ನೆ ಸುರಕ್ಷಿತ ಇತ್ತು ಅನ್ನುವುದು ಇವತ್ತಿಗೆ ಗ್ಯಾರಂಟಿ ಅಲ್ಲ. ಫೋಟೊಕ್ಕೆ ಅಂತ ಬಾಯಿಯಲ್ಲಿ ನಿಲ್ಲುವವರು ಇದನ್ನು ತಿಳಿದಿರಬೇಕು.

ಎರಡನೆಯದು ನೀರು ಮತ್ತು ಸಿಡಿಯುವ ಬಂಡೆ. ಪಂಪು ನಿಂತ ದಿನದಿಂದ ಗಣಿಯಲ್ಲಿ ನೀರು ಏರತೊಡಗಿತು. ಗಣಿ ನಡೆಯುತ್ತಿದ್ದಾಗಲೇ ಇಲ್ಲಿ ರಾಕ್ ಬರ್ಸ್ಟ್ ಕಾಟ ಇತ್ತು. ಅಷ್ಟು ಆಳದಲ್ಲಿ ಕಲ್ಲು ತೆಗೆದಾಗ ಸುತ್ತಲ ಬಂಡೆಯ ಮೇಲೆ ಒತ್ತಡ ಹೆಚ್ಚಿ, ಅದು ಬಾಂಬಿನಂತೆ ಸಿಡಿಯುತ್ತಿತ್ತು. ಇಂಥದ್ದನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ, 1988ರಲ್ಲಿ. ಗಣಿ ಮುಚ್ಚಿದ ಮೇಲೂ ನೆಲದೊಳಗಿನ ಸಿಡಿತ ಪೂರ್ತಿ ನಿಂತಿಲ್ಲ.

ನೆಲದ ಮೇಲಿನ ಕಟ್ಟಡಗಳಲ್ಲಿ ಬೇರೆ ಥರದ ಮೋಸ. ಕಾರ್ಖಾನೆ ಅಂದ ಮೇಲೆ ನೆಲದಲ್ಲಿ ಕೇಬಲ್ ಕಾಲುವೆ, ಗುಂಡಿ, ತೊಟ್ಟಿ ಇದ್ದೇ ಇರುತ್ತವೆ. ಮೇಲೆ ಕಬ್ಬಿಣದ ತಗಡು ಮುಚ್ಚಿರುತ್ತಿದ್ದರು. ಮುಚ್ಚಿದ ಕಾರ್ಖಾನೆಯಲ್ಲಿ ಮೊದಲು ಕಳುವಾಗುವುದೇ ಆ ತಗಡು. ಉಳಿಯುವುದು ಬಾಯಿ ತೆರೆದ ಗುಂಡಿ, ಅದರ ಮೇಲೆ ಲಾಂಟಾನ ಪೊದೆ. ಬಿಸಿಲಿನಿಂದ ಕತ್ತಲೆಗೆ ಕಾಲಿಟ್ಟ ಮೊದಲ ನಿಮಿಷ ಕಣ್ಣಿಗೆ ಏನೂ ಕಾಣುವುದಿಲ್ಲ. ಅಪಘಾತಕ್ಕೆ ಅಷ್ಟೇ ಸಾಕು.

ತುಕ್ಕಿನ ವಿಷಯಕ್ಕೆ ಬಂದರೆ, ಕಬ್ಬಿಣ ತುಕ್ಕು ಹಿಡಿದಾಗ ಸವೆಯುವುದರ ಜೊತೆ ಉಬ್ಬುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಕಾಂಕ್ರೀಟಿನೊಳಗಿನ ಸರಳು ಹೀಗೆ ಉಬ್ಬಿ, ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ತಾರಸಿಯ ತಳದಲ್ಲಿ ಸಿಮೆಂಟು ಉದುರಿ ಸರಳು ಕಾಣುತ್ತಿದ್ದರೆ, ಅದರ ಮೇಲೂ ನಡೆಯಬೇಡಿ, ಕೆಳಗೂ ನಿಲ್ಲಬೇಡಿ. ಸಿಮೆಂಟ್ ಶೀಟಿನ ಛಾವಣಿ ಹತ್ತುವುದಂತೂ ಬೇಡವೇ ಬೇಡ. ಹೊಸದರಲ್ಲೇ ಅದು ಮನುಷ್ಯರ ತೂಕ ತಡೆಯುವುದಿಲ್ಲ. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಮುರಿದರೆ ಅದರ ನಾರು ಶ್ವಾಸಕೋಶಕ್ಕೆ ಹೋಗುತ್ತದೆ.

ದಿಬ್ಬದ ಬಗ್ಗೆ ಇರುವ ಭಯ ಸ್ವಲ್ಪ ಅಡ್ಡದಾರಿ ಹಿಡಿದಿದೆ. ಸೈನೈಡ್ ಹೆಸರು ಕೇಳಿ ಮುಟ್ಟಿದರೆ ಸಾಯುತ್ತೇವೆ ಅಂದುಕೊಳ್ಳುವವರಿದ್ದಾರೆ. ಬಿಸಿಲು, ಗಾಳಿಗೆ ತೆರೆದ ಮೇಲ್ಪದರದಲ್ಲಿ ಸೈನೈಡ್ ಕಾಲಕ್ರಮೇಣ ಒಡೆದುಹೋಗುತ್ತದೆ. ಚಿಂತೆ ಮಾಡಬೇಕಾದ್ದು ಧೂಳಿಗೆ. ಅದು ನುಣ್ಣಗೆ ಅರೆದ ಬೆಣಚು ಕಲ್ಲು, ಅಂದರೆ ಸಿಲಿಕಾ. ಗಣಿ ಕಾರ್ಮಿಕರ ಎದೆಯನ್ನು ಹಾಳು ಮಾಡಿದ ಸಿಲಿಕೋಸಿಸ್ ಕಾಯಿಲೆಗೆ ಕಾರಣವೂ ಸಿಲಿಕಾ ಧೂಳೇ. ಒಂದು ದಿನಕ್ಕೆ ಹೋಗಿ ಬರುವವರಿಗೆ ಇದು ದೊಡ್ಡ ಸಂಗತಿ ಆಗದಿರಬಹುದು. ಬೇಸಿಗೆಯ ಗಾಳಿಗೆ ಮನೆಯೊಳಗೆ ಬರುವ ಆ ಪುಡಿಯನ್ನು ದಿನಾ ಗುಡಿಸುವವರಿಗೆ ಮಾತ್ರ ಅದು ಬದುಕು. ಇನ್ನು, ಮಳೆ ಕೊರೆದ ಕಡಿದಾದ ಅಂಚುಗಳ ಮೇಲೆ ನಿಂತು ಫೋಟೊ ತೆಗೆಸಿಕೊಂಡರೆ ಅಂಚು ಸಮೇತ ಜಾರುವ ಸಾಧ್ಯತೆ ಚೆನ್ನಾಗಿದೆ.

ಯಾರ ಜಾಗ, ಯಾರ ಊರು

ಪಾಳು ಬಿದ್ದ ಮಾತ್ರಕ್ಕೆ ಜಾಗಕ್ಕೆ ಒಡೆಯರಿಲ್ಲ ಅಂತಲ್ಲ. ಬಿಜಿಎಂಎಲ್ ಕೇಂದ್ರ ಸರ್ಕಾರದ ಕಂಪನಿ. ಅದರ ಆಸ್ತಿಗೆ ಕಾವಲಿದೆ. ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಅತಿಕ್ರಮ ಪ್ರವೇಶಕ್ಕೆ ಸಂಬಂಧಿಸಿದ್ದು. ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇದ್ದರೆ ಮಾತ್ರ ಅದು ಅನ್ವಯ. ಸುಮ್ನೆ ನೋಡಲು ಹೋದವರಿಗೆ ಆ ಉದ್ದೇಶ ಇಲ್ಲ ಅಂತ ವಾದಿಸಬಹುದು, ನಿಜ. ಆದರೆ ಗುಜರಿ ಕಳ್ಳತನ ನಡೆಯುವ ಜಾಗದಲ್ಲಿ, ಬ್ಯಾಗ್ ಹಾಕಿಕೊಂಡು ಸಂಜೆ ಹೊತ್ತು ಸಿಕ್ಕಿಬಿದ್ದವರ ವಾದವನ್ನು ಪೊಲೀಸರು ಠಾಣೆಯಲ್ಲೇ ಕೇಳುತ್ತಾರೆ. ಒಳಗೆ ನೋಡಲೇಬೇಕು ಅನ್ನುವವರು ಕಂಪನಿಯಿಂದ ಲಿಖಿತ ಅನುಮತಿ ಪಡೆಯಬೇಕು. ಕೊಡದಿದ್ದರೆ ವಾಪಸ್ ಬರಬೇಕು, ಅಷ್ಟೇ.

ನನಗೆ ಸಿಟ್ಟು ಬರುವುದು "ದೆವ್ವದ ಊರು" ಅಂತ ವಿಡಿಯೊಗೆ ಹೆಸರಿಡುವವರ ಮೇಲೆ. 2011ರ ಜನಗಣತಿಯಲ್ಲಿ ಕೆಜಿಎಫ್‌ನ ಜನಸಂಖ್ಯೆ ಒಂದೂವರೆ ಲಕ್ಷಕ್ಕೂ ಜಾಸ್ತಿ. ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಣಿ ಕೆಲಸಕ್ಕೆ ಅಂತ ಬಂದ ತಮಿಳು, ತೆಲುಗು ಕುಟುಂಬಗಳ ಮೊಮ್ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಲೈನ್ ಮನೆಗಳಲ್ಲಿ ಹಳೇ ಕಾರ್ಮಿಕರು ಈಗಲೂ ಇದ್ದಾರೆ. ಅವರ ಮನೆ ಬಾಗಿಲಿಗೆ ಕ್ಯಾಮೆರಾ ಹಿಡಿಯುವ ಮೊದಲು ಮಾತಾಡಿಸಿ. ಶಾಫ್ಟಿನಲ್ಲಿ ಇಳಿದವರಿಗೆ ಗೊತ್ತಿರುವಷ್ಟು ಗಣಿ ಯಾವ ಮುರಿದ ಗೋಡೆಗೂ ಗೊತ್ತಿಲ್ಲ.

ನೋಡಲು ಹೋಗುವವರಿಗೆ ನನ್ನ ಸಲಹೆ: ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ. ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ನಿಲ್ದಾಣಗಳ ಹೆಸರಿನಲ್ಲೇ ಗಣಿ ಸೀಮೆಯ ನಕ್ಷೆ ಇದೆ. ಕಿಟಕಿ ಪಕ್ಕ ಕೂತು ಹೆಡ್‌ಗಿಯರ್‌ಗಳ ಓರೆ ಕಾಲು ಹುಡುಕಿ. ಇಳಿದ ಮೇಲೆ ಸಾರ್ವಜನಿಕ ರಸ್ತೆ ಬಿಡಬೇಡಿ.

ಇದೇ ರೀತಿ ಬೇರೆ ಜಾಗಗಳನ್ನೂ ಓದಬಹುದು. ಮಂಗಳೂರಿನ ಹಳೇ ಹೆಂಚಿನ ಕಾರ್ಖಾನೆಗಳು ಯಾಕೆ ನದಿ ದಂಡೆಯಲ್ಲೇ ಇವೆ? ಜೇಡಿ ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹೆಂಚು ದೋಣಿಯಲ್ಲೇ ಹೋಗುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಕಾಲದಿಂದ ಹಾಗೆ. ಕುದುರೆಮುಖದಲ್ಲಿ ಇಳಿಜಾರಿನ ಸೂತ್ರ ಇನ್ನೂ ದೊಡ್ಡದಾಗಿ ಕಾಣುತ್ತದೆ. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೆ, ಅರೆದ ಅದಿರಿನ ರಾಡಿ ಘಟ್ಟ ಇಳಿದು ಸುಮಾರು 67 ಕಿ.ಮೀ. ಪೈಪಿನಲ್ಲಿ ಮಂಗಳೂರು ಸೇರುತ್ತಿತ್ತು. ಹಳೇ ಬಟ್ಟೆ ಗಿರಣಿಯ ಛಾವಣಿ ಗರಗಸದ ಹಲ್ಲಿನಂತೆ ಇದ್ದರೆ ಗಾಜಿರುವ ಬದಿ ಯಾವ ದಿಕ್ಕಿಗಿದೆ ನೋಡಿ. ಸಾಮಾನ್ಯವಾಗಿ ಉತ್ತರಕ್ಕೆ, ನೇರ ಬಿಸಿಲು ಬೀಳದೆ ಬೆಳಕು ಮಾತ್ರ ಬರಲಿ ಅಂತ.

ಒಳಗೆ ಹೋಗಿ ನೋಡುವ ಆಸೆ ತಪ್ಪಲ್ಲ. ಅದಕ್ಕೆ ಯಾರಾದರೂ ಖರ್ಚು ಮಾಡಬೇಕು. ಜರ್ಮನಿಯ ಎಸೆನ್‌ನಲ್ಲಿರುವ ಸೋಲ್‌ಫೆರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು, 2001ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಕೆಜಿಎಫ್‌ಗೆ ಬೀಗ ಬಿದ್ದ ಅದೇ ವರ್ಷ. ಅದೇ ದೇಶದ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆ ಈಗ ಉದ್ಯಾನ. ಅಲ್ಲಿನ ಅನಿಲ ಟ್ಯಾಂಕಿಗೆ ನೀರು ತುಂಬಿ ಜನ ಡೈವಿಂಗ್ ಕಲಿಯುತ್ತಾರೆ. ಮೆಟ್ಟಿಲಿಗೆ ಕೈಹಿಡಿ ಹಾಕಿದ್ದಾರೆ, ಗುಂಡಿ ಮುಚ್ಚಿದ್ದಾರೆ, ವಿಷವಿದ್ದ ಮಣ್ಣಿಗೆ ವ್ಯವಸ್ಥೆ ಮಾಡಿದ್ದಾರೆ. ಆಮೇಲಷ್ಟೇ ಬಾಗಿಲು ತೆರೆದದ್ದು.

ಕೆಜಿಎಫ್‌ನ ದಾರಿ ಸದ್ಯಕ್ಕೆ ಬೇರೆ. ದಿಬ್ಬದ ಪುಡಿಯಲ್ಲಿ ಅಳಿದುಳಿದ ಚಿನ್ನ ಇನ್ನೂ ಇದೆ. 13 ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ನಡೆದರೆ ಈಗ ಎಲ್ಲರ ಫೋಟೊದಲ್ಲಿರುವ ದಿಬ್ಬಗಳ ಆಕಾರವೇ ಬದಲಾಗುತ್ತದೆ, ಮತ್ತು ಅಷ್ಟು ಪುಡಿಯನ್ನು ಕದಲಿಸುವಾಗ ಏಳುವ ಧೂಳನ್ನು ಹೇಗೆ ತಡೆಯುತ್ತಾರೆ ಅಂತ ಲೈನ್ ಮನೆಯವರು ಕೇಳಲೇಬೇಕಾಗುತ್ತದೆ.